ಗುಡಿಗಳನ್ನು ಗಾಜಿಗಿಳಿಸಿದ ಕಝಿನ್ಸ್ ಸಾಹೇಬರು

ಕಝಿನ್ಸ್ ಎಂದೊಡನೆ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವವರು ಜೇಮ್ಸ್ ಕಝಿನ್ಸ್. ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯಲು ಹೇಳಿದ ಐರಿಷ್ ಕವಿ ಅವರು. ನಾನಿಲ್ಲಿ ಹೇಳಹೊರಟಿರುವುದು ಬೇರೊಬ್ಬ ಕಝಿನ್ಸರ ಸಂಗತಿ. ಇಂಗ್ಲಿಷಿನ ಕಾಗುಣಿತದಲ್ಲಿ ಇಬ್ಬರ ಹೆಸರಿಗೂ ಒಂದಕ್ಷರದ ಅಂತರವುಂಟು. ಕನ್ನಡದಲ್ಲಿ ಬರೆದರೆ ಅದೂ ಉಳಿಯದು. ಇವರು ಹೆನ್ರಿ ಕಝಿನ್ಸ್. ಪುರಾತತ್ತ್ವ ಇಲಾಖೆಯ ಅಧಿಕಾರಿ. ಅಳತೆಯ ಪಟ್ಟಿ, ನಕ್ಷೆಯ ಹಲಗೆ, ಗಾಜಿನ ಫಲಕಗಳ ಪೆಟ್ಟಿಗೆ, ಇವುಗಳೊಡನೆ ಊರೂರು ತಿರುಗಿ ಆಯುಷ್ಯದ ಬಹುಭಾಗವನ್ನು ಕಳೆದವರು.

ಹಾನಗಲ್ಲಿನ ತಾರಕೇಶ್ವರ, ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ನಗರೇಶ್ವರ, ಹಿಂದೆ ಹಿರೇಕೆರೂರಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ರಟ್ಟಿಹಳ್ಳಿಯ ಕದಂಬೇಶ್ವರ, ಈ ಗುಡಿಗಳನ್ನು ಅಳೆದು, ಚಿತ್ರ ತೆಗೆದು, ವಿವರಿಸಿ ಒಂದೇ ಗ್ರಂಥದಲ್ಲಿ ಜಗತ್ತಿನ ಮುಂದಿಟ್ಟವರು ಅವರು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಆ ಇಂಗ್ಲಿಷ್ ಗ್ರಂಥ ೧೯೨೬ರಲ್ಲಿ ಕಲಕತ್ತೆಯಿಂದ ಹೊರಬಂದಿತು. ನಮ್ಮ ಈ ತಾಲ್ಲೂಕುಗಳು ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಧಾರವಾಡ ಜಿಲ್ಲೆಯವಾಗಿದ್ದವು. ಆದುದರಿಂದ ಕಝಿನ್ಸರ ಪುಸ್ತಕದಲ್ಲಿ ಇವುಗಳನ್ನು ಹುಡುಕುವವರು ಧಾರವಾಡದ ಹೆಸರಿನಲ್ಲಿಯೇ ಹುಡುಕಬೇಕು.

ನಾನು ಇತಿಹಾಸದ ಪಾಠ ಹೇಳುವವನು. ರಜೆಯ ದಿನಗಳಲ್ಲಿ ನಾಲ್ಕಕ್ಕೆ ಐದು ಇಂಚಿನ ಹಾಳೆಫಿಲ್ಮಿನ ಹಳೆಯ ಕ್ಯಾಮರಾ ಹೊತ್ತು ಗುಡಿಗಳನ್ನು ಸುತ್ತುವ ಹುಚ್ಚೂ ನನಗುಂಟು. ಕೈಯಲ್ಲಿ ಫೋನು ಇರುವಾಗ ಈ ಮಣಭಾರದ ಪೆಟ್ಟಿಗೆ ಏಕೆಂದು ಗೆಳೆಯರು ನಗುತ್ತಾರೆ. ಕಝಿನ್ಸರ ಪುಸ್ತಕದ ಚಿತ್ರಗಳನ್ನು ಒಂದು ಭೂತಗನ್ನಡಿ ಹಿಡಿದು ನೋಡಿದವರು ನಗಲಾರರು. ನೂರು ವರುಷಕ್ಕೂ ಮಿಕ್ಕ ಹಳೆಯ ಚಿತ್ರದಲ್ಲಿ ಕಂಬದ ಬಳೆಗಳನ್ನು ಎಣಿಸಬಹುದು, ಗೋಡೆಯ ಕಲ್ಲುಗಳ ಸಂದುಗಳನ್ನು ತೋರಿಸಬಹುದು. ಇಂಥ ಚಿತ್ರಗಳು ಹೇಗೆ ಬಂದವು, ಎಂಥ ಫಲಕದ ಮೇಲೆ ಬಂದವು ಎಂದು ಕೇಳುತ್ತ ಹೋದಂತೆ ಅವರ ಜೀವನವೇ ನನ್ನೆದುರು ಬಿಚ್ಚಿಕೊಂಡಿತು.

ಅವರು ಹುಟ್ಟಿದ್ದು ೧೮೫೪ರಲ್ಲಿ. ಆ ವರುಷವೂ ನಮ್ಮ ಕಥೆಗೆ ಸಲ್ಲುವಂಥದೇ. ದೇಶದ ಪ್ರಾಚೀನ ಕಟ್ಟಡಗಳ ಚಿತ್ರ ಬರೆಯಿಸಲು ಚಿತ್ರಗಾರರಿಗೆ ಸಂಬಳ ಕೊಡುವುದಕ್ಕಿಂತ ಕ್ಯಾಮರಾ ಹಿಡಿಸುವುದೇ ಮೇಲೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮನಗಂಡದ್ದು ಆ ಹೊತ್ತಿನಲ್ಲಿಯೇ. ೧೮೫೫ರಲ್ಲಿ ಮುಂಬಯಿ ಸರಕಾರ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬವರನ್ನು ಈ ಕೆಲಸಕ್ಕೆ ನೇಮಿಸಿತು. ಅವರು ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಚಿತ್ರ ತೆಗೆದರು. ಅದೇ ವರುಷದ ಕೊನೆಗೆ ಸೈನ್ಯ ಅವರನ್ನು ಮರಳಿ ಕರೆಸಿಕೊಂಡಿತು. ಅವರ ಜಾಗಕ್ಕೆ ಬಂದವರು ಡಾಕ್ಟರ್ ವಿಲಿಯಂ ಹೆನ್ರಿ ಪಿಗೂ, ಮುಂಬಯಿ ವೈದ್ಯಖಾತೆಯವರು. ಧಾರವಾಡ ಸೀಮೆಯ ಗುಡಿಗಳನ್ನೂ ಶಾಸನಗಳನ್ನೂ ಇವರು ಕ್ಯಾಮರಾದಲ್ಲಿ ಹಿಡಿದರು. ಇವರಿಬ್ಬರ ಹಾಗೂ ಡಾಕ್ಟರ್ ನೀಲ್ ಅವರ ಚಿತ್ರಗಳನ್ನು ಸೇರಿಸಿ, ನಮ್ಮ ಸುರಪುರದವರಿಗೆ ಚಿರಪರಿಚಿತರಾದ ಮೆಡೋಸ್ ಟೇಲರ್ ಸಾಹೇಬರಿಂದ ಇತಿಹಾಸವನ್ನೂ ಜೇಮ್ಸ್ ಫರ್ಗುಸನ್ನರಿಂದ ವಾಸ್ತುವಿನ ಟಿಪ್ಪಣಿಯನ್ನೂ ಬರೆಯಿಸಿ ೧೮೬೬ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವೊಂದನ್ನು ಅಚ್ಚುಹಾಕಿದರು. ಅಷ್ಟರಲ್ಲಿ ಪಿಗೂ ತೀರಿಕೊಂಡಿದ್ದರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಬಿಗ್ಸರ ಕಾಲಕ್ಕೆ ಚಿತ್ರ ಹಿಡಿಯಲು ಎರಡು ದಾರಿಗಳಿದ್ದವು. ಒಂದು ಕಾಗದ, ಇನ್ನೊಂದು ಗಾಜು. ಟಾಲ್ಬಟ್ ಎಂಬ ಇಂಗ್ಲಿಷ್ ಪಂಡಿತ ೧೮೪೧ರಲ್ಲಿ ಹಕ್ಕು ಪಡೆದ ಕಾಗದದ ವಿಧಾನದಲ್ಲಿ, ಬೆಳ್ಳಿಯ ಲವಣ ಹಚ್ಚಿದ ಹಾಳೆಯೇ ನೆಗೆಟಿವು. ಹಾಳೆಗಳನ್ನು ಮೊದಲೇ ಸಿದ್ಧಮಾಡಿ ಕಟ್ಟಿಟ್ಟುಕೊಂಡು ಹೋಗಬಹುದು; ಒಡೆಯುವ ಅಂಜಿಕೆಯಿಲ್ಲ. ಆದರೆ ಕಾಗದದ ನಾರು ಚಿತ್ರದಲ್ಲಿಯೂ ಮೂಡಿ, ಕೆತ್ತನೆಯ ಸೂಕ್ಷ್ಮವೆಲ್ಲ ಮಂಜಾಗುತ್ತದೆ. ೧೮೫೧ರಲ್ಲಿ ಆರ್ಚರ್ ಎಂಬವರು ಹೊರತಂದ ಗಾಜಿನ ವಿಧಾನದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವೂ ಮೂಡುತ್ತದೆ. ಆದರೆ ಗಾಜಿಗೆ ಕಲೋಡಿಯನ್ ಎಂಬ ಅಂಟನ್ನು ಅಲ್ಲಿಯೇ ಸುರಿದು, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲಿಯೇ ತೊಳೆಯಬೇಕು. ಇದೆಲ್ಲ ಹತ್ತು ಹದಿನೈದು ನಿಮಿಷಗಳೊಳಗೆ ಆಗಬೇಕು. ಬಯಲುಸೀಮೆಯ ಬಿಸಿಲಿಗೆ ಆ ಅಂಟು ಇನ್ನೂ ಬೇಗ ಒಣಗುವುದು. ಜೊತೆಗೆ ಕತ್ತಲ ಡೇರೆ ಬೇಕು, ಕೊಡಗಟ್ಟಲೆ ಶುದ್ಧ ನೀರು ಬೇಕು. ಬಿಗ್ಸರು ಕಾಗದವನ್ನೇ ಆರಿಸಿಕೊಂಡರು. ಸೂಕ್ಷ್ಮವನ್ನು ಬಿಟ್ಟುಕೊಟ್ಟು ಅನುಕೂಲವನ್ನು ಕೊಂಡರು ಎನ್ನೋಣ. ಅವರಿದ್ದ ಪರಿಸ್ಥಿತಿಯಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಆ ಚಿತ್ರಗಳಿಂದಲೂ ನಮಗಾದ ಉಪಕಾರ ಅಷ್ಟಿಷ್ಟಲ್ಲ. ಪಿಗೂ ಮತ್ತು ಬಿಗ್ಸರು ತೆಗೆದ ಶಾಸನಚಿತ್ರಗಳು ೧೮೬೬ರಲ್ಲಿಯೇ ಬೇರೆ ಸಂಪುಟವಾಗಿ ಬಂದವು. ಜೆ. ಎಫ್. ಫ್ಲೀಟರು ಹಳಗನ್ನಡ ಶಾಸನಗಳನ್ನು ಓದಿ ಪ್ರಕಟಿಸಲು ಕುಳಿತಾಗ ಅನೇಕ ಕಲ್ಲುಗಳಿಗೆ ಅವರ ಎದುರಿಗಿದ್ದ ಆಧಾರ ಈ ಚಿತ್ರಗಳೇ. ಎಲ್ಲಿಯೋ ಕೆರೆಯ ದಂಡೆಯಲ್ಲಿ ನಿಂತ ಕಲ್ಲನ್ನು ಮೇಜಿನ ಮೇಲೆ ಓದುವ ಭಾಗ್ಯ ಹೀಗೆ ಪ್ರಾಪ್ತವಾಯಿತು. ಒಂದು ಅಕ್ಷರ ಮಂಜಾಗಿ ಮೂಡಿದರೆ ಅರಸನ ಹೆಸರೇ ಬೇರೆಯಾಗಬಹುದು. ಆದಕಾರಣ ಯಾವ ಫಲಕ, ಯಾವ ಕಾಗದ ಎಂಬುದು ಶೋಕಿಯ ಮಾತಾಗಿರಲಿಲ್ಲ.

ಇತ್ತ ಕಝಿನ್ಸರು ಪಶ್ಚಿಮ ಭಾರತದ ಪುರಾತತ್ತ್ವ ಸರ್ವೇಕ್ಷಣಕ್ಕೆ ಬಂದು ಸೇರಿದ್ದು ೧೮೮೧ರಲ್ಲಿ. ಅದರ ಮುಖ್ಯಸ್ಥರು ಜೇಮ್ಸ್ ಬರ್ಜೆಸ್. ೧೮೭೪ರಲ್ಲಿ ತಮ್ಮ ಮೊದಲ ಸಂಚಾರವನ್ನು ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿಯೇ ಆರಂಭಿಸಿದವರು, ಇಂಡಿಯನ್ ಆಂಟಿಕ್ವರಿ ಪತ್ರಿಕೆಯನ್ನು ಹುಟ್ಟುಹಾಕಿದವರು. ಅಂಥ ಗುರುವಿನ ಕೈಕೆಳಗೆ ಇಪ್ಪತ್ತೇಳರ ತರುಣ ಮುಖ್ಯ ಸಹಾಯಕನಾಗಿ ಪಳಗಿದನು. ಅಳೆಯುವುದು, ನಕ್ಷೆ ಬರೆಯುವುದು, ಚಿತ್ರ ತೆಗೆಯುವುದು ಮೂರೂ ಒಂದೇ ಕೈಗೆ ಬಂದವು. ಇಂದು ಈ ಮೂರಕ್ಕೆ ಮೂವರು ಬೇಕು. ಅವರೊಳಗೆ ಹೊಂದಿಕೆ ಇಲ್ಲದಿದ್ದರೆ ನಾಲ್ಕನೆಯವರೂ ಬೇಕು.

ಕಝಿನ್ಸರು ಕೆಲಸಕ್ಕೆ ಬಂದ ಹೊತ್ತು ಬಲು ಒಳ್ಳೆಯದು. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯರು ಬೆಳ್ಳಿಯ ಲವಣವನ್ನು ಜೆಲಟಿನ್ನಿನಲ್ಲಿ ಕಲಸಿ ಗಾಜಿಗೆ ಬಳಿದು ಒಣಗಿಸುವ ದಾರಿ ತೋರಿಸಿದ್ದರು. ೧೮೭೮ರಲ್ಲಿ ಬೆನೆಟ್ ಎಂಬವರು ಅದೇ ಪಾಕವನ್ನು ಬಹುಹೊತ್ತು ಬೆಚ್ಚಗಿರಿಸಿದರೆ ಅದರ ಚುರುಕು ಅನೇಕ ಪಟ್ಟು ಹೆಚ್ಚುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ಒಣಫಲಕಗಳು ಡಬ್ಬಿಗಳಲ್ಲಿ ಮಾರಾಟಕ್ಕೆ ಬಂದವು. ಗಾಜಿನ ಸೂಕ್ಷ್ಮ, ಕಾಗದದ ಅನುಕೂಲ ಎರಡೂ ಒಂದೆಡೆ ಕೂಡಿದವು. ಪಿಗೂ ಮತ್ತು ಬಿಗ್ಸರನ್ನು ಕಾಡಿದ ಇಕ್ಕಟ್ಟು ಕಝಿನ್ಸರ ಪಾಲಿಗೆ ಹಾಗೆ ಸಡಿಲವಾಯಿತು. ಪೂರ್ತಿ ಹೋಯಿತೆನ್ನುವಂತಿಲ್ಲ. ಇಂಥ ಕೆಲಸಕ್ಕೆ ಆಗ ಸಾಮಾನ್ಯವಾಗಿದ್ದ ೧೨ಕ್ಕೆ ೧೦ ಇಂಚಿನ ಫಲಕವನ್ನೇ ತೆಗೆದುಕೊಳ್ಳಿ. ಗಾಜು ಎರಡು ಮಿಲಿಮೀಟರು ದಪ್ಪವೆಂದರೂ ಒಂದು ಡಜನ್ ಫಲಕಗಳು ನಾಲ್ಕೂವರೆ ಕಿಲೋ ತೂಗುತ್ತವೆ. ಹಾನಗಲ್ಲಿಗೆ ಇಂದಿಗೂ ರೈಲಿಲ್ಲ. ಆಗ ಚಕ್ಕಡಿಯೇ ಗತಿ. ಬೆಚ್ಚನೆಯ ನೀರಿಗೆ ಜೆಲಟಿನ್ನು ಮೆತ್ತಗಾಗಿ ಗಾಜಿನ ಅಂಚಿನಿಂದ ಸುಕ್ಕೇಳುವುದರಿಂದ ಉಷ್ಣದೇಶದ ಛಾಯಾಗ್ರಾಹಕರು ಪಟಿಕವನ್ನು ಕಲಸಿದ ನೀರಿನಲ್ಲಿ ಅದನ್ನು ಗಟ್ಟಿಗೊಳಿಸುತ್ತಿದ್ದರು. ತೊಳೆಯುವುದನ್ನು ರಾತ್ರಿಯ ತಂಪಿಗೆ ಇಟ್ಟುಕೊಳ್ಳುತ್ತಿದ್ದರು. ಪೆಟ್ಟಿಗೆ ಹೊತ್ತವರು, ನೀರು ಸೇದಿದವರು, ಏಣಿ ಹಿಡಿದವರು ಯಾರೋ ನಮ್ಮ ಊರುಗಳವರೇ ಇದ್ದಾರು. ಅವರ ಹೆಸರುಗಳು ನಮ್ಮವರೆಗೆ ಬಂದಿಲ್ಲ.

ಬರ್ಜೆಸರು ೧೮೮೬ರಲ್ಲಿ ಇಡೀ ಇಲಾಖೆಯ ಮುಖ್ಯಸ್ಥರಾಗಿ, ಮೂರು ವರುಷಗಳಲ್ಲಿ ನಿವೃತ್ತರಾದರು. ಸರಕಾರ ಆ ಹುದ್ದೆಯನ್ನೇ ತೆಗೆದುಹಾಕಿತು. ಖರ್ಚು ಕಡಿಮೆ ಮಾಡುವ ಆ ಬರಗಾಲದ ದಿನಗಳಲ್ಲಿ ಪಶ್ಚಿಮ ಭಾರತದ ಕೆಲಸವನ್ನು ಕೈಬಿಡದೆ ನಡೆಯಿಸಿದವರು ಕಝಿನ್ಸರು. ೧೮೯೦ರಲ್ಲಿ ವಿಜಾಪುರದ ಕಟ್ಟಡಗಳ ಬಗ್ಗೆ ಅವರ ಟಿಪ್ಪಣಿಗಳು ಬಂದವು. ೧೮೯೭ರಲ್ಲಿ ಮುಂಬಯಿ ಪ್ರಾಂತದ ಪ್ರಾಚೀನ ಅವಶೇಷಗಳ ಯಾದಿಯನ್ನು ತಿದ್ದಿ ಬೆಳೆಸಿ ಹೊರತಂದರು. ಯಾದಿ ಎಂದರೆ ನೀರಸವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಅವರ ಪುಸ್ತಕಗಳಲ್ಲೆಲ್ಲ ಅದರ ಮೇಲೆಯೇ ಪ್ರೀತಿ ಹೆಚ್ಚು. ಯಾವ ಊರಿನಲ್ಲಿ ಎಂಥ ಗುಡಿ, ಎಲ್ಲಿ ಎಂಥ ಶಾಸನ ಎಂದು ಪ್ರಾಂತದುದ್ದಕ್ಕೂ ಗುರುತುಹಾಕಿಟ್ಟ ಆ ಪುಟಗಳಿಲ್ಲದಿದ್ದರೆ, ಎಷ್ಟೋ ಕಲ್ಲುಗಳು ಯಾರದೋ ಮನೆಯ ಮೆಟ್ಟಿಲಾದದ್ದು ನಮಗೆ ತಿಳಿಯುತ್ತಲೂ ಇರಲಿಲ್ಲ.

ಮುಂದೆ ಕರ್ಝನ್ನರ ಕಾಲದಲ್ಲಿ ಇಲಾಖೆಗೆ ಮತ್ತೆ ಜೀವ ಬಂದಿತು. ೧೯೦೨ರಲ್ಲಿ ಜಾನ್ ಮಾರ್ಷಲ್ಲರು ಬಂದರು. ೧೯೦೪ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯದೆಯಾಯಿತು. ಪಶ್ಚಿಮ ವಿಭಾಗದ ಅಧೀಕ್ಷಕರಾಗಿ ಕಝಿನ್ಸರ ಅಧಿಕಾರ ಸಿಂಧ್ ಪ್ರಾಂತದವರೆಗೂ ಹಬ್ಬಿತ್ತು. ಅಲ್ಲಿಯ ಬ್ರಾಹ್ಮಣಾಬಾದನ್ನೂ ಮೀರಪುರ ಖಾಸದ ಬೌದ್ಧ ಸ್ತೂಪವನ್ನೂ ಅಗೆಯಿಸಿದವರು ಅವರೇ. ಆ ಭಾಗ ನನ್ನ ಅಧಿಕಾರಕ್ಕೆ ಮೀರಿದ್ದು. ನಮ್ಮ ಗುಡಿಗಳಿಗೇ ಮರಳುತ್ತೇನೆ.

ಕಝಿನ್ಸರು ಚಾಲುಕ್ಯ ಶಿಲ್ಪದ ಬೆಳವಣಿಗೆಯನ್ನು ವಿವರಿಸುವಾಗ ಕಲ್ಲಿನ ಜಾತಿಗೆ ಕೊಟ್ಟ ಮಹತ್ತ್ವ ನನ್ನನ್ನು ಬಹಳ ಸೆಳೆದಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಅದರ ಕಣ ದೊಡ್ಡದು. ದೊಡ್ಡ ದೊಡ್ಡ ಗುಂಡುಗಳನ್ನು ಹೇರಿ ಕಟ್ಟಬೇಕು, ಕೆತ್ತನೆಯೂ ದಪ್ಪವಾಗಿಯೇ ಇರಬೇಕು. ತರುವಾಯ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಲಕ್ಕುಂಡಿ, ಹಾನಗಲ್ಲುಗಳ ಕಡೆಗೆ ಬಂದರೆ, ಹಸುರು ಛಾಯೆಯ ಕಪ್ಪು ಬಳಪದ ಜಾತಿಯ ಕಲ್ಲು. ಅದರ ಕಣ ಅತಿ ಸಣ್ಣದು. ಚಿಕ್ಕ ಚಿಕ್ಕ ತುಂಡುಗಳಲ್ಲಿ ಕಟ್ಟಬಹುದು. ಕಂಬವನ್ನು ಚರಕಿಗೆ ಕೊಟ್ಟು ಕಡೆಯಬಹುದು. ಮಲ್ಲಿಗೆಯ ಎಸಳನ್ನೂ ಕೊರೆಯಬಹುದು. ಕಲ್ಲು ಬದಲಾದುದರಿಂದ ಶಿಲ್ಪಿಯ ಕೈ ಬದಲಾಯಿತು, ಕೈ ಬದಲಾದುದರಿಂದ ಗುಡಿಯ ರೂಪವೇ ಬದಲಾಯಿತು ಎಂಬುದು ಅವರ ವಿಚಾರದ ಸಾರ. ಹೀಗೆ ಯೋಚಿಸುವ ಮನಸ್ಸು ಅವರಿಗೆ ಎಲ್ಲಿಂದ ಬಂದಿತು? ಸಣ್ಣ ಕಣದ ಫಲಕದ ಬೆಲೆ ಬಲ್ಲವನಿಗೆ ಸಣ್ಣ ಕಣದ ಕಲ್ಲಿನ ಬೆಲೆಯೂ ಬೇಗ ತಿಳಿದಿರಬೇಕು. ಇದು ನನ್ನ ಊಹೆ ಮಾತ್ರ. ಒಪ್ಪುವುದು ಬಿಡುವುದು ವಾಚಕರಿಗೆ ಸೇರಿದ್ದು.

ತಾರಕೇಶ್ವರದ ಮಂಟಪದ ನಡುವಿನ ಛತ್ತನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಎಂಟು ಮೂಲೆಯ ಚೌಕಟ್ಟಿನಿಂದ ಬಳೆಬಳೆಯಾಗಿ ಏರಿ, ನಡುವೆ ಕಲ್ಲಿನ ಕಮಲವೊಂದು ತಲೆಕೆಳಗಾಗಿ ತೂಗುತ್ತದೆ. ಕೆಳಗೆ ನಿಂತು ಕತ್ತೆತ್ತಿದರೆ ಮೊದಲು ಬರಿಯ ಕತ್ತಲೆ. ಕಣ್ಣು ಒಗ್ಗಿದ ಮೇಲೆ ಒಂದೊಂದೇ ಎಸಳು ಮೇಲಿನಿಂದ ಇಳಿದು ಬರುತ್ತದೆ. ಆ ಕತ್ತಲೆಯಲ್ಲಿ ಯಾವ ಫಿಲ್ಮನ್ನು ಹಾಕಬೇಕು? ಕಝಿನ್ಸರ ಜೀವನವನ್ನು ಓದುತ್ತ ನಾನು ಬಹುದಿನ ತಲೆಕೆಡಿಸಿಕೊಂಡ ಪ್ರಶ್ನೆ ಇದು.

ಊಟಿಯಲ್ಲಿ ನಮ್ಮ ದೇಶದ್ದೇ ಫಿಲ್ಮು ತಯಾರಾಗುತ್ತಿದ್ದ ಕಾಲವೊಂದಿತ್ತು. ೧೯೬೦ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಈಗ ಮುಚ್ಚಿದೆ. ಹಾಳೆಫಿಲ್ಮು ಬೇಕೆಂದರೆ ಹೊರದೇಶದ್ದೇ ಆಗಬೇಕು. ನಾನು ಹೋಲಿಸಿದ್ದು ಇಲ್ಫರ್ಡಿನ ಎರಡು ಫಿಲ್ಮುಗಳನ್ನು: ೪೦೦ರ ವೇಗದ ಎಚ್‌ಪಿ೫ ಮತ್ತು ೧೨೫ರ ವೇಗದ ಎಫ್‌ಪಿ೪. ಮಸೂರದ ಕಿಂಡಿಯನ್ನು ಎಫ್ ೨೨ಕ್ಕೆ ಕಿರಿದುಮಾಡಿ ಬೆಳಕನ್ನು ಅಳೆದಾಗ ನಿಧಾನದ ಫಿಲ್ಮಿಗೆ ೩೦ ಸೆಕೆಂಡು, ಚುರುಕಿನ ಫಿಲ್ಮಿಗೆ ೯ ಸೆಕೆಂಡಿನ ಮೇಲೆ ಸ್ವಲ್ಪ ಎಂದು ಬಂದಿತು. ಆದರೆ ಮಂದ ಬೆಳಕಿನಲ್ಲಿ ಫಿಲ್ಮು ಲೆಕ್ಕದಂತೆ ನಡೆಯುವುದಿಲ್ಲ. ಹೊತ್ತು ಹೆಚ್ಚಿದಷ್ಟೂ ಅದಕ್ಕೆ ಆಲಸ್ಯ ಬರುತ್ತದೆ. ತಯಾರಕರು ಕೊಟ್ಟ ಸೂತ್ರದಂತೆ ಗುಣಿಸಿದರೆ ಎಚ್‌ಪಿ೫ಕ್ಕೆ ೧೯ ಸೆಕೆಂಡು, ಎಫ್‌ಪಿ೪ಕ್ಕೆ ೭೨ ಸೆಕೆಂಡು ಕೊಡಬೇಕಾಯಿತು. ಚುರುಕಿನ ಫಿಲ್ಮಿನ ಕಣ ದಪ್ಪವೆಂಬ ಆಕ್ಷೇಪ ಚಿಕ್ಕ ಕ್ಯಾಮರಾದವರಿಗೆ ಸಲ್ಲುತ್ತದೆ. ನಾಲ್ಕಕ್ಕೆ ಐದು ಇಂಚಿನ ಹಾಳೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೂ ಕಣ ಕಣ್ಣಿಗೆ ಬೀಳುವುದು ಕಷ್ಟ. ಕಝಿನ್ಸರ ಕಾಲದಲ್ಲಿ ಫಲಕದಷ್ಟೇ ದೊಡ್ಡ ಮುದ್ರಣವನ್ನು ಫಲಕಕ್ಕೆ ಒತ್ತಿಯೇ ತೆಗೆಯುತ್ತಿದ್ದುದರಿಂದ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಾಗಿದ್ದೂ ನನ್ನ ಮನಸ್ಸು ಒಲಿದದ್ದು ನಿಧಾನದ ಎಫ್‌ಪಿ೪ಕ್ಕೆ. ಕಪ್ಪಿಗೂ ಬೂದಿಗೂ ನಡುವಿನ ಹತ್ತಾರು ಮೆಟ್ಟಿಲುಗಳನ್ನು ಅದು ನನ್ನ ಕೈಯಲ್ಲಿ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ನಮ್ಮ ಕಡೆಯ ನೀರಿನ ಬಿಸಿ ಒಂದೆರಡು ಡಿಗ್ರಿ ಏರಿಳಿದರೂ ಮುನಿಸಿಕೊಳ್ಳುವುದಿಲ್ಲ. ಕೊಡಾಕಿನ ಟಿಮ್ಯಾಕ್ಸ್ ಮಂದ ಬೆಳಕಿನಲ್ಲಿ ಇಷ್ಟು ಆಲಸ್ಯ ಮಾಡದು ನಿಜ; ಆದರೆ ತೊಳೆಯುವಾಗ ಅದರ ನಾಜೂಕು ಸೊಸೆಯ ನಾಜೂಕನ್ನು ಮೀರಿಸುತ್ತದೆ. ಇನ್ನು ಹೊತ್ತಿನ ಮಾತು: ಕಲ್ಲಿಗೆ ಅವಸರವೇನು? ಎಪ್ಪತ್ತೆರಡು ಸೆಕೆಂಡು ಅದು ಅಲುಗದೆ ನಿಲ್ಲುತ್ತದೆ.

ಅಲುಗದೆ ನಿಲ್ಲಲಾರದವರು ಮನುಷ್ಯರು. ಅಪ್ಪಣೆ ಪಡೆದು ಮುಕ್ಕಾಲಿ ಹೂಡಿ ಮಂಟಪದ ಕಂಬಸಾಲಿನ ಚಿತ್ರ ತೆಗೆಯುತ್ತಿದ್ದಾಗ, ಕಸ ಗುಡಿಸುವ ತಾಯಿಯೊಬ್ಬಳು ಈ ಕಡೆಯಿಂದ ಆ ಕಡೆಗೆ ಗುಡಿಸುತ್ತ ಹೋದಳು. ಹಿಂದೆಯೇ ಇಬ್ಬರು ಹುಡುಗಿಯರು ಕೈಮುಗಿದು ಪ್ರದಕ್ಷಿಣೆ ಬಂದರು. ಮನೆಯಲ್ಲಿ ಫಿಲ್ಮು ತೊಳೆದು ನೋಡಿದರೆ ಅವರಾರೂ ಇಲ್ಲ! ಕಂಬಗಳು, ನೆಲ, ಬಾಗಿಲಿನಿಂದ ಬಿದ್ದ ಬೆಳಕು. ಶತಮಾನಗಳಿಂದ ಯಾರೂ ಕಾಲಿಡದ ಪಾಳುಗುಡಿಯಂತೆ ಕಾಣುತ್ತಿತ್ತು. ನಾನು ಬೆರಗಾಗಿ ಕುಳಿತೆ. ಗೋಡೆ ಕಂಬಗಳ ಹಳೆಯ ಚಿತ್ರಗಳನ್ನು ನೋಡಿ, ಆಹಾ, ನಮ್ಮ ಗುಡಿಗಳು ಎಂಥ ಹಾಳುಬಿದ್ದಿದ್ದವು, ಯಾರೋ ಹೊರಗಿನವರು ಬಂದು ಉಳಿಸಿದರು ಎಂದು ನಾವು ತಲೆದೂಗುತ್ತ ಬಂದಿದ್ದೇವಲ್ಲವೆ? ಆ ನಿರ್ಜನತೆಯಲ್ಲಿ ಎಷ್ಟು ಪಾಲು ಗುಡಿಯದು, ಎಷ್ಟು ಪಾಲು ನಿಧಾನದ ಫಲಕದ್ದು ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಬಿಸಿಲಿನಲ್ಲಿ ತೆಗೆದ ಹೊರಗಿನ ನೋಟಗಳಿಗೆ ಒಣಫಲಕ ಸಾಕಷ್ಟು ಚುರುಕಾಗಿಯೇ ಇತ್ತು, ಅದು ಸರಿ. ಆದರೆ ಕಿಂಡಿ ಕಿರಿದು ಮಾಡಿ ಮಂಟಪದೊಳಗೆ ತೆಗೆದ ಯಾವ ಹಳೆಯ ಚಿತ್ರದ ವಿಷಯದಲ್ಲಿಯೂ ಈ ಸಂಶಯ ಏಳಲೇಬೇಕು.

ಕಝಿನ್ಸರ ಮೇಲೆ ನನಗಿರುವ ಒಂದು ಅಸಮಾಧಾನವೂ ಇದಕ್ಕೇ ಸಂಬಂಧಿಸಿದ್ದು. ಅವರಿಗೆ ಗುಡಿ ಎಂದರೆ ಕಲ್ಲು, ಅಳತೆ, ಶೈಲಿ. ಅಲ್ಲಿ ಬೆಳಗಿನ ಜಾವ ನೀರು ಹಾಕುವವರು, ಹರಕೆ ಹೊರುವವರು, ಬಿಸಿಲಿಗೆ ಬಳಲಿ ಒರಗುವವರು ಅವರ ಬರಹದಲ್ಲಿ ಅಪರೂಪ. ಇದು ಅವರೊಬ್ಬರ ದೋಷವೆನ್ನಲಾರೆ. ಆ ಕಾಲದ ಇಲಾಖೆಯ ದೃಷ್ಟಿಯೇ ಹಾಗಿತ್ತು. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವನ್ನು ಫ್ಲೀಟರು ಓದಿ ಅಚ್ಚುಹಾಕಿಸಿದರು. ಅದೇ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದ ಅಜ್ಜಿಯರು ಯಾವ ಸಂಪುಟದಲ್ಲಿಯೂ ಬರಲಿಲ್ಲ.

ಆದರೂ ಆ ಮನುಷ್ಯರು ಫಲಕದಿಂದ ಪೂರ್ತಿಯಾಗಿ ಅಳಿಸಿಹೋಗಿಲ್ಲವೆಂದು ನನಗ ಆಮೇಲೆ ತೋರಿತು. ೧೮೮೦ರ ದಶಕದ ಸಾಮಾನ್ಯ ಫಲಕಗಳಿಗೆ ಕಾಣಿಸುತ್ತಿದ್ದುದು ನೀಲಿ, ನೇರಿಳೆ ಬಣ್ಣಗಳು ಮಾತ್ರ. ಕೆಂಪಿಗೆ ಅವು ಕುರುಡು. ಫೋಗೆಲ್ ಎಂಬ ಜರ್ಮನ್ ಪಂಡಿತರು ೧೮೭೩ರಲ್ಲಿಯೇ ಬಣ್ಣ ಬೆರೆಸಿ ಫಲಕಕ್ಕೆ ಹಸುರನ್ನು ಕಾಣುವ ಕಣ್ಣು ಕೊಡಬಹುದೆಂದು ಕಂಡುಹಿಡಿದಿದ್ದರು. ಕೆಂಪನ್ನೂ ಕಾಣುವ ಫಲಕ ಅಂಗಡಿಗೆ ಬಂದದ್ದು ೧೯೦೬ರಲ್ಲಿ. ಆ ಹಳೆಯ ಕಣ್ಣಿಗೆ ನೀಲಿ ಆಕಾಶ ಬರಿ ಬಿಳುಪು. ಕೆಂಪು ಮಣ್ಣು, ಕುಂಕುಮ, ಕಾವಿ ಎಲ್ಲವೂ ಕಪ್ಪು. ಹಳೆಯ ಚಿತ್ರಗಳಲ್ಲಿ ಮೋಡವಿಲ್ಲದ ಸುಣ್ಣದಂಥ ಆಕಾಶ ಸಾಮಾನ್ಯವಾದುದಕ್ಕೆ ಕಾರಣವೂ ಇದೇ.

ಇದನ್ನು ಪರೀಕ್ಷಿಸಬೇಕೆಂದು ಕೆಂಪನ್ನು ಕಾಣದ ಆರ್ಥೋ ಎಂಬ ಹಾಳೆಫಿಲ್ಮನ್ನು ತರಿಸಿದೆ. ಅದೂ ಇಲ್ಫರ್ಡಿನದೇ, ೮೦ರ ವೇಗದ್ದು. ಹಳೆಯ ಸಾಮಾನ್ಯ ಫಲಕಕ್ಕಿಂತ ಇದಕ್ಕೆ ಹಸುರು ಹೆಚ್ಚಾಗಿ ಕಾಣಿಸುತ್ತದೆ, ಆದರೂ ಕೆಂಪಿನ ವಿಷಯದಲ್ಲಿ ಎರಡೂ ಒಂದೇ. ಊರ ಹೊರಗಿನ ಒಂದು ನಾಗರಕಲ್ಲನ್ನು ಒಂದೇ ಬೆಳಕಿನಲ್ಲಿ ಎರಡು ಬಗೆಯ ಫಿಲ್ಮಿನಲ್ಲಿಯೂ ತೆಗೆದೆ. ಎಫ್‌ಪಿ೪ದಲ್ಲಿ ಹೆಡೆಯ ಮೇಲಿನ ಕುಂಕುಮ ಕಲ್ಲಿನ ಬೂದಿಬಣ್ಣದೊಳಗೆ ಹೆಚ್ಚುಕಡಿಮೆ ಕರಗಿಹೋಗಿತ್ತು. ಆರ್ಥೋದಲ್ಲಿ ಅದೇ ಕುಂಕುಮ ಮಸಿ ಬಳಿದಂತೆ ಎದ್ದು ಕಾಣುತ್ತಿತ್ತು; ಯಾವ ಹೆಡೆಗೆ ಎಷ್ಟು ಬೆರಳು ಹಚ್ಚಿದ್ದಾರೆಂದು ಹೇಳುವಷ್ಟು ಸ್ಪಷ್ಟ. ಹಳೆಯ ಫಲಕದ ಚಿತ್ರಗಳಲ್ಲಿ ಮೂರ್ತಿಯ ಹಣೆಯ ಮೇಲೋ ಪಾದದ ಮೇಲೋ ಹೊಸ್ತಿಲಿನ ಮೇಲೋ ಕಪ್ಪು ಮಚ್ಚೆ ಕಂಡರೆ ಅದು ಒಡಕೆಂದು, ಕೊಳೆಯೆಂದು ತಟ್ಟನೆ ತೀರ್ಮಾನಿಸಬಾರದು. ಎಣ್ಣೆಯ ಜಿಡ್ಡು ಇರಬಹುದು, ದೀಪದ ಕಾಡಿಗೆ ಇರಬಹುದು. ಆ ದಿನ ಬೆಳಿಗ್ಗೆ ಯಾರೋ ತಾಯಿ ಹಚ್ಚಿ ಹೋದ ಕುಂಕುಮವೂ ಇರಬಹುದು. ನಡೆದು ಹೋದವಳನ್ನು ಫಲಕ ಹಿಡಿಯಲಿಲ್ಲ. ಅವಳ ಬೆರಳನ್ನು ಹಿಡಿದಿರಬಹುದು. ಕಝಿನ್ಸರ ಚಿತ್ರಗಳನ್ನು ನಾನು ಈಗ ಈ ಕಣ್ಣಿನಿಂದ ಮತ್ತೆ ಮೊದಲಿನಿಂದ ನೋಡುತ್ತಿದ್ದೇನೆ.

ಬಂಕಾಪುರದ ಕೋಟೆಯೊಳಗೆ ಈ ತೆರನ ಪತ್ತೇದಾರಿಗೆ ಅವಕಾಶ ಕಡಿಮೆ. ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರಕ್ಕೆ ನೆಲದ ಮಟ್ಟದಿಂದ ಕೆಳಗಿಳಿದು ಹೋಗಬೇಕು. ಕಡೆದ ಕಂಬಗಳ ಹೊಳಪು ಮಾತ್ರ ಇಂದಿಗೂ ಹೊಸ ಹಿತ್ತಾಳೆಯದು; ಆ ಹೊಳಪನ್ನು ಹಿಡಿಯಲು ಮೋಡದ ದಿನ ಹೋಗಬೇಕು, ಬಿಸಿಲಿದ್ದರೆ ಒಂದು ಬದಿ ಸುಣ್ಣ ಇನ್ನೊಂದು ಬದಿ ಇದ್ದಲು. ಸುತ್ತಣ ಪೊದೆಗಳಲ್ಲಿ ನವಿಲುಗಳು ಕೂಗುತ್ತಿರುತ್ತವೆ. ಅಲ್ಲಿಂದ ಸವಣೂರು ಬಹಳ ದೂರವಲ್ಲ. ಕಝಿನ್ಸರ ಕಾಲಕ್ಕೆ ಅದು ಬ್ರಿಟಿಷ್ ಜಿಲ್ಲೆಯ ನಡುವೆ ನಬಾಬರ ಬೇರೆ ಸಂಸ್ಥಾನ, ೧೯೪೮ರವರೆಗೂ ಹಾಗೆಯೇ ಇತ್ತು. ಸವಣೂರಿನ ಪ್ರಸಿದ್ಧ ದೊಡ್ಡ ಹುಣಸೆ ಮರಗಳ ಮುಂದೆ ಕ್ಯಾಮರಾ ಹೂಡಿದರೆ ಫಿಲ್ಮಿನ ಆಯ್ಕೆಗಿಂತ ಹಿಂದೆ ಸರಿಯಲು ಜಾಗ ಸಾಲದೆಂಬುದೇ ಚಿಂತೆ.

ಕಝಿನ್ಸರು ೧೯೧೦ರಲ್ಲಿ ನಿವೃತ್ತರಾದರು; ಅವರ ಸ್ಥಾನಕ್ಕೆ ದೇವದತ್ತ ಭಾಂಡಾರಕರರು ಬಂದರು. ಐವತ್ತಾರು ವಯಸ್ಸಿಗೆ ಪಿಂಚಣಿ ಹಿಡಿದು ಸ್ವದೇಶಕ್ಕೆ ಹೋದ ಅಧಿಕಾರಿಗಳು ಸಾಮಾನ್ಯವಾಗಿ ತೋಟ ಮಾಡುತ್ತಾರೆ, ಇಲ್ಲವೆ ಹುಲಿಬೇಟೆಯ ನೆನಪು ಬರೆಯುತ್ತಾರೆ. ಕಝಿನ್ಸರು ಮಾಡಿದ್ದು ಬೇರೆ. ಮೂವತ್ತು ವರುಷ ಕೂಡಿಟ್ಟ ಚಿತ್ರ, ನಕ್ಷೆ, ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಗ್ರಂಥವನ್ನು ಕಟ್ಟುತ್ತ ಹೋದರು. ೧೯೧೬ರಲ್ಲಿ ವಿಜಾಪುರ, ೧೯೨೬ರಲ್ಲಿ ನಮ್ಮ ಕನ್ನಡ ಜಿಲ್ಲೆಗಳ ಗುಡಿಗಳು, ಅದೇ ವರುಷ ಪಶ್ಚಿಮ ಭಾರತದ ವಾಸ್ತುವನ್ನು ಕುರಿತು ಇನ್ನೊಂದು, ೧೯೨೯ರಲ್ಲಿ ಸಿಂಧ್, ೧೯೩೧ರಲ್ಲಿ ದಖ್ಖನದ ಮಧ್ಯಯುಗದ ಗುಡಿಗಳು, ಸೋಮನಾಥ ಮತ್ತು ಕಾಠಿಯಾವಾಡದ ಗುಡಿಗಳು. ಕನ್ನಡ ಜಿಲ್ಲೆಗಳ ಗ್ರಂಥ ಬಂದಾಗ ಅವರಿಗೆ ಎಪ್ಪತ್ತೆರಡು. ಗುಡಿಗಳ ಮುಂದೆ ನಿಂತು ಎಷ್ಟೋ ವರುಷಗಳಾಗಿದ್ದವು. ಕಣ್ಣೆದುರು ಇದ್ದುದು ಚಿತ್ರಗಳೇ. ಕಾಗದದ ನಾರಿನಲ್ಲಿ ಮಂಜಾದ ಚಿತ್ರಗಳಾಗಿದ್ದರೆ ಹದಿನಾರು ವರುಷಗಳ ತರುವಾಯ, ಸಾವಿರಾರು ಮೈಲು ದೂರದಲ್ಲಿ ಕುಳಿತು ಕಂಬಕಂಬದ ವಿವರ ಹೇಳುವುದು ಸಾಧ್ಯವಾಗುತ್ತಿತ್ತೆ? ನೆನಪಿನ ಮೇಲೆ ಭಾರ ಹಾಕದೆ ಗಾಜಿನ ಮೇಲೆ ಭಾರ ಹಾಕಿದ್ದರು, ಗಾಜು ತಾಳಿತು.

ಆ ಪುಸ್ತಕ ಬಂದ ಹೊತ್ತನ್ನೂ ನೆನೆಯಬೇಕು. ಎರಡು ವರುಷ ಮೊದಲು, ೧೯೨೪ರಲ್ಲಿ, ಬೆಳಗಾವಿಯ ಕಾಂಗ್ರೆಸ್ಸಿನ ಸಂದರ್ಭದಲ್ಲಿ ಕರ್ನಾಟಕ ಏಕೀಕರಣದ ಪರಿಷತ್ತು ಸೇರಿತ್ತು. ಹಂಚಿಹೋದ ನಾಡನ್ನು ಒಂದುಗೂಡಿಸಬೇಕೆಂದು ನಮ್ಮ ಹಿರಿಯರು ಹಾತೊರೆಯುತ್ತಿದ್ದಾಗ, ಮುಂಬಯಿ ಪ್ರಾಂತದ ಕನ್ನಡ ಭಾಗದ ಶಿಲ್ಪಸಂಪತ್ತನ್ನು ಒಂದೇ ರಟ್ಟಿನೊಳಗೆ ತೋರಿಸುವ ಗ್ರಂಥ ಸರಕಾರದ ಅಚ್ಚುಕೂಟದಿಂದಲೇ ಬಂದಿತು. ಕಝಿನ್ಸರಿಗೆ ಏಕೀಕರಣದ ಉದ್ದೇಶ ಇದ್ದಿರಲಾರದು. ಬಂದ ಫಲವನ್ನು ಬೇಡವೆನ್ನಲು ನಮಗೇನು ಕಾರಣ?

೧೯೩೩ರಲ್ಲಿ ಅವರು ತೀರಿಕೊಂಡರು. ಅವರು ತೆಗೆದ ಚಿತ್ರಗಳ ಮುದ್ರಣಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ೧೯೨೬ರ ಗ್ರಂಥವನ್ನು ಇಂದು ಯಾರಾದರೂ ಮನೆಯಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ಓದಬಹುದು. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗುಡಿ ಅದರಲ್ಲಿ ಇದೆಯೋ ಇಲ್ಲವೋ ನೋಡಬೇಕು. ಇದ್ದರೆ ಪುಟವನ್ನು ಹಿಡಿದುಕೊಂಡು ಅದೇ ಜಾಗದಲ್ಲಿ ಹೋಗಿ ನಿಲ್ಲಬೇಕು. ಎಲ್ಲಿ ಕಲ್ಲು ಬಿದ್ದಿದೆ, ಎಲ್ಲಿ ಹೊಸ ಗೋಡೆ ಎದ್ದಿದೆ, ಯಾವ ಮೂರ್ತಿ ಕಾಣೆಯಾಗಿದೆ ಎಂದು ಬರೆದಿಟ್ಟುಕೊಂಡರೆ ಮುಂದಿನ ವರುಷದ ಸಂಚಿಕೆಗೆ ಅದೇ ಒಂದು ಒಳ್ಳೆಯ ಲೇಖನವಾಗುತ್ತದೆ.

ಕುಮುದ್ವತಿಯ ದಂಡೆಯ ರಟ್ಟಿಹಳ್ಳಿಯ ಕದಂಬೇಶ್ವರ ನನಗಿನ್ನೂ ಬಾಕಿ ಉಳಿದಿದೆ. ಮೂರು ಗರ್ಭಗುಡಿಗಳ ಆ ಗುಡಿಯಲ್ಲಿ ಬೆಳಕು ಒಳಗೆ ಎಲ್ಲಿಯವರೆಗೆ ಬರುತ್ತದೆಂದು ಹೊತ್ತುಹೊತ್ತಿಗೆ ನೋಡಿ ಗುರುತು ಮಾಡಿಕೊಂಡು ಬಂದಿದ್ದೇನೆ. ಆರ್ಥೋ ಫಿಲ್ಮಿನ ನಾಲ್ಕು ಹಾಳೆಗಳು ಡಬ್ಬಿಯಲ್ಲಿವೆ. ಲೆಕ್ಕ ಹಾಕಿದರೆ ಒಂದೊಂದಕ್ಕೂ ಎರಡು ನಿಮಿಷದ ಮೇಲೆ ಬೇಕಾದೀತು. ಚಳಿಗಾಲ ಬಂದು ನೀರು ತಣ್ಣಗಾಗಲಿ ಎಂದು ಕಾದಿದ್ದೇನೆ.